ಭದ್ರತೆಯಿಲ್ಲದ ಕೆಲಸಕ್ಕೆ ಬೆಲೆ ಎಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರ ಮುಂದೆ ಎರಡು ಬಗೆಯ ಗುತ್ತಿಗೆ ಕೆಲಸಗಳಿವೆ. ಒಂದು ಊರಿನಲ್ಲೇ ಸಿಗುತ್ತದೆ: ನಾಡಕಚೇರಿ, ತಾಲ್ಲೂಕು ಪಂಚಾಯಿತಿ, ಸರ್ಕಾರಿ ಆಸ್ಪತ್ರೆ, ಉಪನೋಂದಣಿ ಕಚೇರಿಯಂಥ ಕಡೆ ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಕೆಲಸ. ಇನ್ನೊಂದು ಬೆಂಗಳೂರಿನದು: ಕೂರುವುದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ, ಸಂಬಳ ಬರುವುದು ಮಧ್ಯವರ್ತಿ ಏಜೆನ್ಸಿಯಿಂದ. ಎರಡೂ ಕಡೆಯವರು ಒಂದೆರಡು ವರ್ಷ ಕಳೆಯುವುದರೊಳಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಇದನ್ನು ಬಿಟ್ಟು ಕಾಯಂ ಕೆಲಸಕ್ಕೆ ಹೋಗಬೇಕೆ?

ಮನೆಯವರ ಉತ್ತರ ಮೊದಲೇ ಸಿದ್ಧವಿರುತ್ತದೆ. ಸಂಬಂಧ ನೋಡಲು ಬಂದವರು ಸಂಬಳಕ್ಕಿಂತ ಮೊದಲು ಕೇಳುವುದೇ “ಹುಡುಗಂದು ಪರ್ಮನೆಂಟ್ ಐತೇನ್ರಿ?” ಎಂದು. ಆ ಪ್ರಶ್ನೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ತಪ್ಪು. ಆದರೆ ‘ಕಾಯಂ ಒಳ್ಳೆಯದು, ಗುತ್ತಿಗೆ ಕೆಟ್ಟದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಸರಿಯಲ್ಲ. ಗುತ್ತಿಗೆ ಪದ್ಧತಿಯನ್ನು ಅಳೆಯಲು ನನಗೆ ನ್ಯಾಯವಾಗಿ ಕಾಣುವ ಅಳತೆಗೋಲು ಒಂದೇ. ಕೆಲಸ ಯಾವಾಗ ಬೇಕಾದರೂ ಹೋಗಬಹುದು ಎಂಬ ಭಯವನ್ನು ಕೆಲಸಗಾರ ಹೊತ್ತುಕೊಂಡಿರುತ್ತಾನೆ. ಆ ಹೊರೆಗೆ ಅವನಿಗೆ ಬೆಲೆ ಸಿಗುತ್ತಿದೆಯೇ? ಸಿಗುತ್ತಿದ್ದರೆ ಗುತ್ತಿಗೆ ಪ್ರಾಮಾಣಿಕ ವ್ಯವಹಾರ. ಸಿಗದಿದ್ದರೆ ಅದು ಶೋಷಣೆ.

ಊರಿನ ಆಪರೇಟರ್ ಕೆಲಸವನ್ನು ಮೊದಲು ಈ ಅಳತೆಗೆ ಒಡ್ಡೋಣ. ಕರ್ನಾಟಕದ ಕಂಪ್ಯೂಟರೀಕರಣದ ಕಥೆಯೇ ಇಲ್ಲಿ ಒಳ್ಳೆಯ ಸಾಕ್ಷಿ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗಳನ್ನು ಒಂದು ಸಲ ಟೈಪು ಮಾಡಿ ಮುಗಿಸುವ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ವಹಿಸಲಾಯಿತು. ಆಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೂತು ದಿನನಿತ್ಯ ಪಹಣಿ ಕೊಡುವ ಕೆಲಸಕ್ಕೆ ಗ್ರಾಮ ಲೆಕ್ಕಿಗರನ್ನೇ ಆರಿಸಿ ತರಬೇತಿ ಕೊಟ್ಟರು. ಅವರು ಸರ್ಕಾರದ ಕಾಯಂ ನೌಕರರು. ಮುಗಿಯುವ ಕೆಲಸಕ್ಕೆ ಗುತ್ತಿಗೆ, ಮುಗಿಯದ ಕೆಲಸಕ್ಕೆ ಕಾಯಂ ಕೈ: ಈ ವಿಂಗಡಣೆ ಅಂದು ಸ್ಪಷ್ಟವಾಗಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 10ನೇ ಕಲಮು ಹೇಳಿದ್ದೂ ಇದನ್ನೇ. ಕೆಲಸ ವರ್ಷವಿಡೀ ನಡೆಯುವಂಥದ್ದೇ, ಅದನ್ನು ಸಾಮಾನ್ಯವಾಗಿ ಕಾಯಂ ನೌಕರರು ಮಾಡುತ್ತಾರೆಯೇ ಎಂದು ನೋಡಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು.

ಆ ವಿಂಗಡಣೆ ಈಗ ಉಳಿದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನದ ಅರ್ಜಿ, ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿಯ ಲೆಕ್ಕ, ಆಸ್ಪತ್ರೆಯ ಚೀಟಿ, ಇವು ಯಾವುವೂ ಒಂದು ದಿನಕ್ಕೆ ಮುಗಿಯುವ ಕೆಲಸಗಳಲ್ಲ. ಸರ್ಕಾರ ಇರುವವರೆಗೆ ಇವು ಇರುತ್ತವೆ. ಆದರೂ ಇವುಗಳ ಮುಂದೆ ಕೂತವರಲ್ಲಿ ಬಹಳಷ್ಟು ಮಂದಿ ಟೆಂಡರ್ ಬದಲಾದಾಗ ಏಜೆನ್ಸಿಯನ್ನೂ ಬದಲಿಸಿಕೊಂಡು, ಅದೇ ಕುರ್ಚಿಯಲ್ಲಿ ಹೊಸ ಮಾಲೀಕನ ಕೈಕೆಳಗೆ ದುಡಿಯುತ್ತಾರೆ. ಪಕ್ಕದ ಮೇಜಿನ ದ್ವಿತೀಯ ದರ್ಜೆ ಸಹಾಯಕನ ಸಂಬಳಕ್ಕಿಂತ ಇವರ ಸಂಬಳ ಕಡಿಮೆ. ರಜೆ, ಬಡ್ತಿ, ವೇತನ ಆಯೋಗ ಇವರಿಗಿಲ್ಲ. ಭದ್ರತೆ ಇಲ್ಲದ್ದಕ್ಕೆ ಹೆಚ್ಚು ಸಿಗಬೇಕಾದ ಕಡೆ ಕಡಿಮೆ ಸಿಗುತ್ತಿದೆ. ನನ್ನ ಅಳತೆಗೋಲಿನಲ್ಲಿ ಇದು ಪೂರ್ತಿ ಸೋತ ಪದ್ಧತಿ.

ಈ ಐದು ತಾಲ್ಲೂಕುಗಳ ಮಟ್ಟಿಗೆ ಅನ್ಯಾಯ ಇನ್ನೂ ಆಳವಾಗಿದೆ. ಸಂವಿಧಾನದ 371(ಜೆ) ವಿಧಿಯಡಿ ಹೊರಟ 2013ರ ಆದೇಶದಂತೆ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದಗಳಲ್ಲಿ ‘ಸಿ’ ಗುಂಪಿನ ಶೇ 80, ‘ಡಿ’ ಗುಂಪಿನ ಶೇ 85ರಷ್ಟು ಹುದ್ದೆಗಳು ಈ ಭಾಗದವರಿಗೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ ಈ ಸೌಲಭ್ಯದ ಹೊರಗೆ ಉಳಿದಿದ್ದ ಹರಪನಹಳ್ಳಿಯ ಜನ ಅದಕ್ಕಾಗಿ ಹೋರಾಡಿದರು. ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಇಷ್ಟು ಕಷ್ಟಪಟ್ಟು ಪಡೆದ ಮೀಸಲಾತಿ ಜೀವ ತಳೆಯುವುದು ಸರ್ಕಾರ ಹುದ್ದೆಗೆ ನೇರ ನೇಮಕಾತಿ ಮಾಡಿದಾಗ ಮಾತ್ರ. ಅದೇ ಕೆಲಸವನ್ನು ಏಜೆನ್ಸಿಗೆ ಕೊಟ್ಟ ದಿನ ನೇಮಕ ಮಾಡುವವನು ಟೆಂಡರ್ ಗೆದ್ದವನು. ಹೊರಗುತ್ತಿಗೆಗೆ ಹೋದ ಒಂದೊಂದು ಕುರ್ಚಿಯೂ 371(ಜೆ) ಕೈಗೆ ಸಿಗದೆ ಜಾರಿದ ಕುರ್ಚಿ. ನಂಜುಂಡಪ್ಪ ವರದಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದ್ದ ಈ ಸೀಮೆಗೆ ಅದು ಸಣ್ಣ ನಷ್ಟವಲ್ಲ.

ಹಾಗಿದ್ದರೂ ಅನೇಕರು ಆ ಕುರ್ಚಿಯನ್ನು ಬಿಡದಿರಲು ಒಂದು ಆಸೆ ಕಾರಣ: ಇವತ್ತಲ್ಲ ನಾಳೆ ಕಾಯಂ ಮಾಡುತ್ತಾರೆ. ಈ ಆಸೆಯ ಬುಡವನ್ನು ನೋಡಲೇಬೇಕು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪ್ರಕರಣ ನಮ್ಮ ರಾಜ್ಯದ್ದೇ. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರಿಗೆ ಕಾಯಂ ಮಾಡಿಸಿಕೊಳ್ಳುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆಸರೆಯಿಲ್ಲದೆ ಹತ್ತು ವರ್ಷ ಮೀರಿ ದುಡಿದವರಿಗೆ ಮಾತ್ರ ಒಂದು ಬಾರಿಯ ಅವಕಾಶ ಇಟ್ಟಿತು. ಗುತ್ತಿಗೆ ಪದ್ಧತಿ ನಿಷೇಧವಾದರೂ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕನ ನೌಕರರಾಗುವುದಿಲ್ಲ ಎಂದು 2001ರಲ್ಲೇ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿಯಾಗಿತ್ತು. ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2024ರ ಡಿಸೆಂಬರಿನ ಜಗ್ಗೊ ಪ್ರಕರಣದಲ್ಲಿ, ದಶಕಗಟ್ಟಲೆ ದುಡಿಸಿಕೊಂಡವರ ವಿರುದ್ಧ ಉಮಾದೇವಿ ತೀರ್ಪನ್ನು ಅಸ್ತ್ರವಾಗಿ ಬಳಸಬಾರದು ಎಂದು ಅದೇ ನ್ಯಾಯಾಲಯ ಹೇಳಿ, ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸಗಾರರನ್ನು ಕಾಯಂ ಮಾಡಿಸಿತು. ಇದು ನಿಜಕ್ಕೂ ದೊಡ್ಡ ಮಾತು. ಆದರೆ ಆ ನ್ಯಾಯ ಸಿಗುವ ಹೊತ್ತಿಗೆ ಅವರ ದುಡಿಮೆಯ ವಯಸ್ಸಿನ ಬಹುಭಾಗ ಕಳೆದಿತ್ತು. ಇಪ್ಪತ್ತೈದರ ಹುಡುಗಿಗೆ ಇದನ್ನೇ ಬದುಕಿನ ಯೋಜನೆಯಾಗಿ ತೋರಿಸುವುದು ಸರಿಯಲ್ಲ. ನೇಮಕಾತಿಗೆ ವಯಸ್ಸಿನ ಮಿತಿ ಇದೆ, ಕಾಯುತ್ತ ಕೂತ ಒಂದೊಂದು ವರ್ಷವೂ ಆ ಮಿತಿಯಿಂದ ಕಳೆಯುತ್ತದೆ.

ಬೆಂಗಳೂರಿನ ಗುತ್ತಿಗೆಯ ಲೆಕ್ಕ ಬೇರೆ. ಅಲ್ಲಿ ಕೆಲವು ಸಲ ಭಯಕ್ಕೆ ಬೆಲೆ ನಿಜವಾಗಿಯೂ ಸಿಗುತ್ತದೆ. ಒಬ್ಬನಿಗೆ ಗುತ್ತಿಗೆಯಲ್ಲಿ ತಿಂಗಳಿಗೆ 80,000 ರೂಪಾಯಿ, ಕಾಯಂ ಕೆಲಸದಲ್ಲಿ 65,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷವಿಡೀ ಕೆಲಸವಿದ್ದರೆ ಗುತ್ತಿಗೆಯಲ್ಲಿ 1.8 ಲಕ್ಷ ಹೆಚ್ಚು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವುದರ ನಡುವೆ ಎರಡು ತಿಂಗಳು ಖಾಲಿ ಹೋದರೆ ಗುತ್ತಿಗೆಯ ದುಡಿಮೆ 8 ಲಕ್ಷ, ಕಾಯಂನದು 7.8 ಲಕ್ಷ. ಉಳಿದ 20,000ಕ್ಕೂ ಪಾಲುದಾರರಿದ್ದಾರೆ. ಮೂಲ ವೇತನ 32,500 ಆಗಿದ್ದರೆ ಕಾಯಂ ನೌಕರನ ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನದ ಸಂಬಳದಂತೆ 18,750 ರೂಪಾಯಿ ಸೇರುತ್ತ ಹೋಗುತ್ತದೆ. ಅಲ್ಲಿಗೆ ಎರಡೂ ಸರಿಸಮ. ಕಾಯಂ ಕೆಲಸದ ಜೊತೆ ಬರುವ ತಂದೆ ತಾಯಿಯ ಆರೋಗ್ಯ ವಿಮೆ, ಸಂಬಳದ ರಜೆ ಸೇರಿಸಿದರೆ ತಕ್ಕಡಿ ಆ ಕಡೆ ವಾಲುತ್ತದೆ. ಹೀಗಾಗಿ ಬೆಂಗಳೂರಿನ ಗುತ್ತಿಗೆ ನೌಕರ ನೋಡಬೇಕಾದ ಅಂಕಿ ತಿಂಗಳ ಸಂಬಳವಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಎಷ್ಟು ತಿಂಗಳು ಕೈ ಖಾಲಿ ಇತ್ತು ಎಂಬುದು.

ಕಾಯಂ ಎಂಬುದನ್ನೂ ಇಷ್ಟೇ ನಿಷ್ಠುರವಾಗಿ ಪರೀಕ್ಷಿಸಬೇಕು. ಐಟಿ ಕಂಪನಿಯ ಕಾಯಂ ಕೆಲಸಕ್ಕೆ ಕೊನೆಯ ದಿನಾಂಕ ಬರೆದಿರುವುದಿಲ್ಲ, ಅಷ್ಟೇ. ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಳಿಸುವುದಾಗಿ ಹೇಳಿತು. ಅವರು ಗುತ್ತಿಗೆಯವರಾಗಿರಲಿಲ್ಲ. ಉದ್ಯೋಗದ ಷರತ್ತುಗಳನ್ನು ಕಟ್ಟಿಹಾಕುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷ ವಿಸ್ತರಿಸಿತು. ಸರ್ಕಾರಿ ಕೆಲಸದ ಭದ್ರತೆ ಗಟ್ಟಿಯಾದದ್ದು ನಿಜ. ಆದರೆ 2006ರ ಏಪ್ರಿಲ್ ನಂತರ ಸೇರಿದ ರಾಜ್ಯ ನೌಕರರಿಗೆ ಹಳೆಯ ಪಿಂಚಣಿ ಇಲ್ಲ, ಹೊಸ ಪಿಂಚಣಿ ಯೋಜನೆ. ಅಪ್ಪಂದಿರ ಕಾಲದ ಕಾಯಂ ಇವತ್ತು ಎಲ್ಲಿಯೂ ಇಡಿಯಾಗಿ ಸಿಗುವುದಿಲ್ಲ.

ಗುತ್ತಿಗೆಯ ಪರವಾಗಿ ಹೇಳುವವರ ಮಾತಿನಲ್ಲೂ ಸತ್ಯವಿದೆ. ಬೇರೆ ಬೇರೆ ಪ್ರಾಜೆಕ್ಟುಗಳಲ್ಲಿ ದುಡಿದವನ ಕೈ ಪಳಗುತ್ತದೆ. ವಿಶೇಷ ಪರಿಣತಿ ಇದ್ದವನನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಎರಡು ಪ್ರಾಜೆಕ್ಟುಗಳ ನಡುವೆ ಊರಿಗೆ ಬಂದು ಮನೆಯ ಹಿರಿಯರ ಶಸ್ತ್ರಚಿಕಿತ್ಸೆಗೋ ಮುಂಗಾರಿನ ಬಿತ್ತನೆಗೋ ನಿಲ್ಲಬಹುದು. ಆದರೆ ಈ ಸ್ವಾತಂತ್ರ್ಯ ಅನುಭವಕ್ಕೆ ಬರಬೇಕಾದರೆ ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿನ ಹಣ ಇರಬೇಕು. ಅದು ಇಲ್ಲದವನಿಗೆ ಖಾಲಿ ತಿಂಗಳು ರಜೆಯಲ್ಲ, ಸಾಲ.

ನಮ್ಮ ಸೀಮೆಯ ಮನೆಗಳನ್ನು ನೋಡಿದರೆ ಇಲ್ಲಿಯೇ ತೀರ್ಮಾನದ ಕೀಲಿ ಇದೆ. ಹಡಗಲಿಯ ತುಂಗಭದ್ರೆಯ ದಂಡೆ, ಹಗರಿಬೊಮ್ಮನಹಳ್ಳಿಯ ಒಂದಿಷ್ಟು ನೀರಾವರಿ ಬಿಟ್ಟರೆ ಉಳಿದದ್ದೆಲ್ಲ ಬಹುಪಾಲು ಮಳೆಯಾಶ್ರಿತ: ಕೂಡ್ಲಿಗಿಯ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ, ಕೊಟ್ಟೂರಿನ ಈರುಳ್ಳಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳು ಇಲ್ಲಿ ಇಂದಿಗೂ ಇವೆ. ಅಂಥ ಮನೆಯ ಮಗ ಅಥವಾ ಮಗಳು ಗುತ್ತಿಗೆಯಲ್ಲೇ ಉಳಿದರೆ, ಮಳೆಯನ್ನೇ ನಂಬಿದ ಇನ್ನೊಂದು ಹೊಲ ಕೊಂಡ ಹಾಗೆ. ಎರಡೂ ಒಂದೇ ವರ್ಷ ಒಣಗಬಹುದು. ಮನೆಯಲ್ಲಿ ಒಂದು ಆದಾಯವಾದರೂ ತಿಂಗಳ ಕೊನೆಗೆ ತಪ್ಪದೆ ಬರಬೇಕೆಂದು ಹಿರಿಯರು ಬಯಸುವುದಕ್ಕೆ ಅವರದೇ ಅನುಭವದ ಆಧಾರವಿದೆ. ಬೆಂಗಳೂರಿನಲ್ಲೇ ಹುಟ್ಟಿ, ಸ್ವಂತ ಮನೆಯಿದ್ದು, ಅಪ್ಪನಿಗೆ ಪಿಂಚಣಿ ಬರುವ ಸಹೋದ್ಯೋಗಿಗೆ ಹೊಂದುವ ಧೈರ್ಯ ಇವನಿಗೂ ಹೊಂದಬೇಕೆಂದೇನೂ ಇಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಊರಿನ ಹೊರಗುತ್ತಿಗೆ ಆಪರೇಟರ್ ಕೆಲಸದಲ್ಲಿ ಇರುವವರು ಅದನ್ನು ಕಾಯಂ ಕೆಲಸದ ಬಾಗಿಲೆಂದು ನೋಡಬಾರದು. ಓದಿಗೆ ಖರ್ಚು ಒದಗಿಸುವ ತಂಗುದಾಣ ಎಂದಷ್ಟೇ ನೋಡಬೇಕು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ನಡೆದಂಥ ಪರೀಕ್ಷೆಗಳನ್ನು ಬರೆಯುತ್ತಲೇ ಇರಬೇಕು. ಖಾಸಗಿಯಲ್ಲಿ ಸಾಧಾರಣ ಸಂಬಳದ ನೇರ ನೇಮಕಾತಿ ಸಿಕ್ಕರೂ ಹಿಂದೆ ಮುಂದೆ ನೋಡದೆ ಹೋಗಬೇಕು. ಬೆಂಗಳೂರಿನ ಗುತ್ತಿಗೆಯಲ್ಲಿ ಕಾಯಂಗಿಂತ ಸ್ಪಷ್ಟವಾಗಿ ಹೆಚ್ಚು ಸಿಗುತ್ತಿದ್ದು, ಕೈ ಖಾಲಿ ಇರುವ ಕಾಲ ಕಡಿಮೆಯಿದ್ದರೆ, ಸಾಲ ತೀರಿ ಆರು ತಿಂಗಳ ಹಣ ಕೂಡುವವರೆಗೆ ಇರಬಹುದು. ಹೆಚ್ಚುವರಿ ಏನೂ ಸಿಗದ ಗುತ್ತಿಗೆಯಲ್ಲಿ ಇರಲು ಕಾರಣವೇ ಇಲ್ಲ.

ಬಿಡುವ ಮುನ್ನ ಕೈಯಲ್ಲಿರುವ ಹಕ್ಕುಗಳನ್ನು ಎಣಿಸಿಕೊಳ್ಳಬೇಕು. ಏಜೆನ್ಸಿ ಬದಲಾದರೂ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಒಂದೇ ಇರಲಿ. ಸೇವೆ ಒಟ್ಟಾರೆ ಹತ್ತು ವರ್ಷ ಆದರೆ ಪಿಂಚಣಿಗೆ ಅರ್ಹತೆ ಬರುತ್ತದೆ. ಏಜೆನ್ಸಿ ಸಂಬಳ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಮೂಲ ಮಾಲೀಕನದು, ಅದು ಸರ್ಕಾರಿ ಕಚೇರಿಯೇ ಆಗಿರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಕಂಪನಿ ನೇರವಾಗಿ ಮಾಡಿಕೊಳ್ಳುವ ನಿಗದಿತ ಅವಧಿಯ ನೇಮಕಾತಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಕೊಟ್ಟಿವೆ. ಏಜೆನ್ಸಿಯ ಮೂಲಕ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಕಂಪನಿ ಗುತ್ತಿಗೆ ಎಂದಾಗ ಯಾವ ಬಗೆಯದು ಎಂದು ಬರಹದಲ್ಲಿ ಕೇಳಿ ಪಡೆಯಬೇಕು.

ವ್ಯಕ್ತಿಗಳು ಹೀಗೆ ತಮ್ಮ ದಾರಿ ಕಂಡುಕೊಳ್ಳಬಹುದು. ಆದರೆ ಒಬ್ಬ ಆಪರೇಟರ್ ಬಿಟ್ಟುಹೋದ ಕುರ್ಚಿಗೆ ಅದೇ ಷರತ್ತಿನ ಮೇಲೆ ಇನ್ನೊಬ್ಬಳು ಬಂದು ಕೂರುವವರೆಗೆ ಪದ್ಧತಿ ಬದಲಾಗುವುದಿಲ್ಲ. ಹೂವಿನಹಡಗಲಿಯಲ್ಲಿ 2007ರಲ್ಲಿ ಸರ್ಕಾರವೇ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅಂಥ ಕಾಲೇಜಿನಲ್ಲಿ ಓದಿದವರನ್ನು ಅದೇ ಸರ್ಕಾರ ಹೊರಗುತ್ತಿಗೆಯ ಕೀಲಿಮಣೆಗೆ ಕೂರಿಸುವುದು ಎರಡು ಕಡೆಯ ನಷ್ಟ. ನಾಡಕಚೇರಿ, ತಾಲ್ಲೂಕು ಪಂಚಾಯಿತಿ, ಆಸ್ಪತ್ರೆಗಳ ನಿತ್ಯದ ಕಂಪ್ಯೂಟರ್ ಕೆಲಸಕ್ಕೆ ಹುದ್ದೆಗಳನ್ನು ಮಂಜೂರು ಮಾಡಬೇಕು. 371(ಜೆ) ಪ್ರಕಾರ ಪರೀಕ್ಷೆ ನಡೆಸಿ ತುಂಬಬೇಕು. ಈಗ ದುಡಿಯುತ್ತಿರುವವರಿಗೆ ವಯಸ್ಸಿನ ಸಡಿಲಿಕೆ ಕೊಡಬೇಕು. ಐದೂ ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲಿ ಒಟ್ಟಾಗಿ ಕೇಳಬಹುದಾದ ಬೇಡಿಕೆ ಇದು. ಮತ ಕೇಳಲು ಬಂದವರನ್ನು ನಾವು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ.