ಲೂಪಿನ್ ಮೇಷ್ಟ್ರ ಪಾಠ

ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಮೂರನೆಯ ಕಾದಂಬರಿ ‘ಪ್ರಿಸನರ್ ಆಫ್ ಅಜ್ಕಬಾನ್’ ಬಂದದ್ದು 1999ರಲ್ಲಿ. ಎಳೆಯ ಮನಸ್ಸಿನ ಗಾಯವನ್ನು ಇಷ್ಟು ನಿಖರವಾಗಿ ಹಿಡಿದ ಪುಸ್ತಕ ಆ ಸರಣಿಯ ಏಳರಲ್ಲಿ ಇನ್ನೊಂದಿಲ್ಲ.

ಅಜ್ಕಬಾನ್ ಸೆರೆಮನೆಯ ಕಾವಲಿಗಿರುವ ಮಾಯಾಜೀವಿಗಳಾದ ಡಿಮೆಂಟರ್‌ಗಳು ಹತ್ತಿರ ಸುಳಿದರೆ ಸಂತೋಷವೆಲ್ಲ ಬತ್ತಿಹೋಗುತ್ತದೆ. ಖಿನ್ನತೆಯ ಸ್ವಂತ ಅನುಭವದಿಂದಲೇ ಅವು ಹುಟ್ಟಿದ್ದೆಂದು ರೌಲಿಂಗ್ ಹೇಳಿದ್ದಾರೆ. ಹದಿಮೂರರ ಹ್ಯಾರಿಗೆ ಆಗ ಕೇಳಿಸುವುದು ಸಾಯುವ ಮುನ್ನ ತಾಯಿ ಚೀರಿದ ದನಿ. ಪ್ರಜ್ಞೆ ತಪ್ಪಿ ಬೀಳುತ್ತಾನೆ, ನಾಚಿಕೆಯಿಂದ ಕುಗ್ಗುತ್ತಾನೆ.

ಹ್ಯಾರಿಯ ಶಾಲೆಯ ಹೊಸ ಮೇಷ್ಟ್ರು ರೀಮಸ್ ಲೂಪಿನ್ ಮೊದಲು ಕೊಡುವುದು ಚಾಕೊಲೇಟು. ಇದು ದೌರ್ಬಲ್ಯವಲ್ಲ ಎಂಬ ಭರವಸೆ ಆಮೇಲೆ. ನಂತರ ಡಿಮೆಂಟರ್‌ಗಳನ್ನು ಹಿಮ್ಮೆಟ್ಟಿಸುವ ಪೆಟ್ರೋನಸ್ ಮಂತ್ರದ ಅಭ್ಯಾಸ: ಗಟ್ಟಿಯಾದ ಒಂದು ಸಂತಸದ ನೆನಪನ್ನು ಹಿಡಿದು ನಿಲ್ಲಬೇಕು. ಹುಡುಗ ಮತ್ತೆ ಮತ್ತೆ ಸೋಲುತ್ತಾನೆ. ಏಕೆಂದರೆ ಭಯದ ಜೊತೆಗೇ ತಂದೆತಾಯಿಯ ದನಿ ಇನ್ನೊಮ್ಮೆ ಕೇಳಬೇಕೆಂಬ ಆಸೆಯೂ ಒಳಗಿದೆ. ಎಂಥ ಸೂಕ್ಷ್ಮ ಗ್ರಹಿಕೆ!

ಲೂಪಿನ್ ಕೂಡ ಗಾಯಗೊಂಡವರೇ: ಬಾಲ್ಯದಲ್ಲೇ ತೋಳಮಾನವನಿಂದ ಕಚ್ಚಿಸಿಕೊಂಡವರು. ಆ ನೋವೇ ಅವರಿಗೆ ತಾಳ್ಮೆ ಕಲಿಸಿದೆ.

ಹದಿಹರೆಯದವರಿಗೆ ಪಾಠ ಹೇಳುವವರು ಈ ಅಭ್ಯಾಸ ನಡೆಯುವ, ಕಾದಂಬರಿಯ ಹನ್ನೆರಡನೆಯ ಅಧ್ಯಾಯವನ್ನಾದರೂ ಓದಬೇಕು.