ಹಾಲು ಹಾಕೋರು ನಾವು, ಡೈರಿ ಯಾರದು?

ಗೂಗಲ್ ಮ್ಯಾಪ್‌ನಲ್ಲಿ ಬೇಲೂರು ಚೆನ್ನಕೇಶವ ದೇವಸ್ಥಾನ ಅಂತ ಹುಡುಕಿ ನೋಡಿ. ಬೆರಳು ಸೋಲುತ್ತೆ, ಫೋಟೊ ಮುಗಿಯಲ್ಲ. ಚಪ್ಪಲಿ ಎಲ್ಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಎಷ್ಟು ಸುಡುತ್ತೆ, ಹಳೇಬೀಡಿಗೆ ಬಸ್ ಎಲ್ಲಿ ಸಿಗುತ್ತೆ ಅನ್ನೋದೆಲ್ಲ ಅಲ್ಲಿದೆ. ಇದನ್ನೆಲ್ಲ ಬರೆದಿದ್ದು ಗೂಗಲ್ ನೌಕರರಲ್ಲ, ಬಂದು ಹೋದ ನಾವು ನೀವು. ಇದಕ್ಕೆ ಸಿಗೋದು ಅಂಕ. ಒಂದು ಫೋಟೊಗೆ 5, ಒಂದು ವಿಮರ್ಶೆಗೆ 10. ದೇವಸ್ಥಾನದ ಎದುರು ರಸ್ತೆಯಲ್ಲಿ ಆ ಅಂಕ ತೋರಿಸಿ ಅರ್ಧ ಕಾಫಿ ಕೇಳಿ ನೋಡಿ!

ನಾನು ಇದೇ ಸೀಮೆಯ ಹಳ್ಳಿಯವನು, ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೀತೀನಿ. ಹಾಗಾಗಿ ಈ ವ್ಯವಹಾರವನ್ನ ಎರಡು ಕಡೆಯಿಂದಲೂ ನೋಡೋ ಭಾಗ್ಯ.

ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಮರುವರ್ಷವೇ ಗೂಗಲ್ ಅದನ್ನ 165 ಕೋಟಿ ಡಾಲರ್‌ಗೆ ಕೊಂಡಿತು. ಸ್ವಂತ ಸ್ಟುಡಿಯೊ ಇಲ್ಲ, ವರದಿಗಾರರಿಲ್ಲ, ನೌಕರರು ನೂರು ಜನವೂ ಇರಲಿಲ್ಲ. 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್ ಮಾತಾಡಿ ಕೊಂಡ ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದವರು 13 ಜನ. ಅಷ್ಟು ದುಡ್ಡು ಆ ಹದಿಮೂರು ಜನರ ಕೋಡ್‌ಗೆ ಅಂತ ನಂಬೋದು ಕಷ್ಟ. ಜನ ದಿನಾ ಬೆಳಗ್ಗೆ ಸಂಜೆ ಬಂದು ಏನೋ ಒಂದು ಹಾಕಿ ಹೋಗ್ತಾರಲ್ಲ, ಆ ಅಭ್ಯಾಸಕ್ಕೆ ಕೊಟ್ಟ ಬೆಲೆ ಅದು. 2024ರಲ್ಲಿ ಯೂಟ್ಯೂಬ್‌ನ ಜಾಹೀರಾತು ವರಮಾನ 3,600 ಕೋಟಿ ಡಾಲರ್ ದಾಟಿದೆ, ರೂಪಾಯಿಯಲ್ಲಿ ಸುಮಾರು 3 ಲಕ್ಷ ಕೋಟಿ. ಇದು ಮಾಧ್ಯಮ ಕಂಪನಿ ಅಲ್ಲ, ಬರೀ ವೇದಿಕೆ ಅಂತ ಯಾರಾದ್ರೂ ಹೇಳಿದ್ರೆ ನಗಬೇಕಷ್ಟೇ.

ಬೆಳಗ್ಗೆ ಸಂಜೆ ಹಾಕೋದು ಅಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಡೈರಿ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘದ ಮುಂದೆ ಕ್ಯಾನ್ ಹಿಡಿದು ನಿಂತವರನ್ನ ನೋಡಿ. ಹಾಲು ಅಳೀತಾರೆ, ಫ್ಯಾಟ್ ನೋಡ್ತಾರೆ, ಚೀಟಿ ಕೊಡ್ತಾರೆ. ಬಟವಾಡೆ ದಿನ ದುಡ್ಡು. ಸಂಘಕ್ಕೆ ಲಾಭ ಬಂದ ವರ್ಷ ಬೋನಸ್. ಫ್ಯಾಟ್ ಕಡಿಮೆ ಬರೆದಿದ್ದಾರೆ ಅನ್ನಿಸಿದ್ರೆ ಕಾರ್ಯದರ್ಶಿ ಜೊತೆ ಅಲ್ಲೇ ಜಗಳ, ಚುನಾವಣೆಯಲ್ಲಿ ಉಳಿದ ಲೆಕ್ಕ ಚುಕ್ತಾ. ಡೈರಿ ರಾಜಕೀಯ ಏನು ಅಂತ ನನಗೂ ಗೊತ್ತು, ನೀರು ಬೆರೆಸೋರೂ ಗೊತ್ತು. ಆದ್ರೂ ಹಾಲು ಹಾಕೋನೇ ಅಲ್ಲಿ ಸದಸ್ಯ.

ಯೂಟ್ಯೂಬೂ ದುಡ್ಡು ಕೊಡುತ್ತಲ್ಲ ಅಂತೀರಾ? ಹೌದು, ಕೊಡುತ್ತೆ. ಮಾಮೂಲಿ ವಿಡಿಯೊ ನಡುವಿನ ಜಾಹೀರಾತಿನಲ್ಲಿ 55% ಹಾಕಿದವರಿಗೆ. ಇದು ಸಣ್ಣ ಪಾಲೇನಲ್ಲ. ಯಾವ ಪತ್ರಿಕೆ ಓದುಗರ ಓಲೆಗೆ ಒಂದು ರೂಪಾಯಿ ಕೊಟ್ಟಿತ್ತು? ನಮ್ಮ ಕಾಲಕ್ಕೆ ಹಾಸನ ಆಕಾಶವಾಣಿಗೆ ಕಾರ್ಡು ಬರೆದು, ಅವರು ಹೆಸರು ಓದಿದ್ರೆ ವಾರವೆಲ್ಲ ಊರಲ್ಲಿ ಅದೇ ಮಾತು. ಈಗ ಅರಸೀಕೆರೆಯ ತೆಂಗಿನ ತೋಟದಲ್ಲಿ ನಿಂತ ರೈತ ಯಾರ ಅಪ್ಪಣೆಯೂ ಇಲ್ಲದೆ ನುಸಿ ರೋಗದ ಬಗ್ಗೆ ನಾಲ್ಕು ಮಾತು ಹೇಳಿ ನಾಲ್ಕು ಜಿಲ್ಲೆಗೆ ಮುಟ್ಟಿಸಬಹುದು. ಇದನ್ನ ಅಲ್ಲಗಳೆಯೋನು ಹಳ್ಳಿ ನೋಡಿಲ್ಲ.

ಆದ್ರೆ ಆ 55% ಎಲ್ಲರಿಗೂ ಇಲ್ಲ. 1,000 ಚಂದಾದಾರರು, ಅದರ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ ತೊಂಬತ್ತು ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ನೋಟ ಇರಬೇಕು. ಅಷ್ಟಾಗೋವರೆಗೆ ಜಾಹೀರಾತು ಬರಲ್ಲ ಅಂದ್ಕೊಂಡಿದ್ದೀರಾ? ನವೆಂಬರ್ 2020ರಲ್ಲಿ ನಿಯಮ ತಿದ್ದಿದರು. ಮೊದಲು ಅಮೆರಿಕದಲ್ಲಿ, ಮುಂದಿನ ವರ್ಷ ಉಳಿದ ಕಡೆ ಜಾರಿಗೆ ಬಂತು. ಅದರ ಪ್ರಕಾರ ಸಣ್ಣ ಚಾನೆಲ್‌ಗಳ ಮೇಲೂ ಜಾಹೀರಾತು ಹಾಕಬಹುದು, ಪಾಲು ಕೊಡಬೇಕಾಗಿಲ್ಲ. ಅಂದ್ರೆ ಎರಡು ಲೀಟರ್ ಹಾಕೋನ ಹಾಲು ತಗೋತಾರೆ, ಮಾರ್ತಾರೆ, ಚೀಟಿ ಮಾತ್ರ ಇಪ್ಪತ್ತು ಲೀಟರ್ ಹಾಕೋನಿಗೆ. ನಮ್ಮೂರ ಡೈರಿಯಲ್ಲಿ ಹೀಗೆ ಮಾಡಿದ್ರೆ ಮಾರನೇ ದಿನ ಬಾಗಿಲು ತೆಗೆಯೋಕೆ ಬಿಡ್ತಿದ್ರಾ?

ಹೊರದೇಶದವರು ಅನ್ನೋ ಕಾರಣಕ್ಕೆ ಹೀಗೆ ಅಂತಲೂ ಅನ್ನೋ ಹಾಗಿಲ್ಲ. ಜೂನ್ 29, 2020ರಂದು ಸರ್ಕಾರ 59 ಚೀನೀ ಆ್ಯಪ್‌ಗಳನ್ನ ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಒಂದು. ಆಕಳ ಹಿಂದೆ ಓಡಿ, ಅಜ್ಜಿಯನ್ನ ಕುಣಿಸಿ ಸಂಪಾದಿಸಿದ ಅಭಿಮಾನಿಗಳೆಲ್ಲ ರಾತ್ರೋರಾತ್ರಿ ಮಾಯ. ಬೆಂಗಳೂರಿನದೇ ಶೇರ್‌ಚಾಟ್ ಕೆಲವೇ ದಿನಗಳಲ್ಲಿ ಮೋಜ್ ಬಿಟ್ಟಿತು. ಅದು ಕನ್ನಡದಲ್ಲೇ ಮಾತಾಡುತ್ತೆ ಅನ್ನೋದು ಖುಷಿ. ಆದ್ರೆ ಕಟ್ಟಡದ ನಕ್ಷೆ ಅದೇ: ಹಾಕೋದು ನೀವು, ಯಾರಿಗೆ ತೋರಿಸಬೇಕು ಅಂತ ತೀರ್ಮಾನ ಮಾಡೋದು ಅವರ ಅಲ್ಗಾರಿದಮ್. ನೋಟ ದಿಢೀರ್ ಇಳಿದ್ರೆ ಯಾಕೆ ಅಂತ ಕೇಳೋಕೆ ಅಲ್ಲೂ ಕಾರ್ಯದರ್ಶಿ ಇಲ್ಲ.

ಆ ಅಲ್ಗಾರಿದಮ್ ಏನನ್ನ ಮೇಲೆತ್ತುತ್ತೆ ಅನ್ನೋದು ಬೇಲೂರಿನ ಬಗ್ಗೆಯೇ ಇರೋ ವಿಡಿಯೊಗಳಲ್ಲಿ ಕಾಣುತ್ತೆ. ಸೆಪ್ಟೆಂಬರ್ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ವಿಡಿಯೊ ತುಂಬ ಮಾತ್ರ ಜಕಣಾಚಾರಿ, ಡಂಕಣ, ಕಲ್ಲಿನೊಳಗಿನ ಕಪ್ಪೆ. ಕಥೆ ಚೆನ್ನಾಗಿದೆ, ನಾನೂ ಚಿಕ್ಕಂದಿನಲ್ಲಿ ಬಾಯಿ ಬಿಟ್ಟು ಕೇಳಿದ್ದೇನೆ. ಆದ್ರೆ ಬೇಲೂರಿನ ಶಿಲ್ಪಿಗಳು ತಮ್ಮ ಹೆಸರು ತಾವೇ ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು. ಆ ಸಹಿಗಳಲ್ಲಿ ಜಕಣಾಚಾರಿ ಇಲ್ಲ. ಪತ್ರಿಕೆಯಾಗಿದ್ರೆ ಒಬ್ಬ ಉಪಸಂಪಾದಕ ಪೆನ್ನು ಹಿಡಿದು ‘ಇದು ದಂತಕಥೆ’ ಅಂತ ಒಂದು ಪದ ಸೇರಿಸ್ತಿದ್ದ. ಮಾಧ್ಯಮದ ಆದಾಯ ಬೇಕು, ಉಪಸಂಪಾದಕನ ಸಂಬಳದ ಖರ್ಚು ಬೇಡ ಅನ್ನೋದೇ ಈ ಧಂದೆಯ ಗುಟ್ಟು.

ಇನ್ನೊಂದು ತಮಾಷೆ. ದಾಸೋಜನ ಹೆಸರು 900 ವರ್ಷ ಮಳೆ ಬಿಸಿಲಿಗೆ ಅಳಿಸಿಲ್ಲ. ಊರಿನ ಹುಡುಗ ತೆಗೆದ ರೀಲ್ಸನ್ನ ಬೆಂಗಳೂರಿನ ಯಾವನೋ ಇಳಿಸಿಕೊಂಡು, ತನ್ನ ಲೋಗೊ ಹಾಕಿ, ಹಿನ್ನೆಲೆಗೆ ಹಾಡು ಸೇರಿಸಿ ಬಿಟ್ಟರೆ ಹುಡುಗನ ಹೆಸರು ಒಂಬತ್ತು ಗಂಟೆಯೂ ಉಳಿಯಲ್ಲ. ಯೂಟ್ಯೂಬ್‌ನ ವಿಡಿಯೊಗಳಲ್ಲಿ ಒಂದಷ್ಟನ್ನ ಎಐ ಮಾದರಿಗಳ ತರಬೇತಿಗೂ ಬಳಸ್ತೇವೆ ಅಂತ 2025ರಲ್ಲಿ ಗೂಗಲ್ ಹೇಳಿದೆ. ಆ ಹಂತದಲ್ಲಿ ಹಾಲು ಯಾರದು ಅನ್ನೋ ಪ್ರಶ್ನೆಯೇ ಇಲ್ಲ, ಎಲ್ಲ ಒಂದೇ ಟ್ಯಾಂಕರ್‌ಗೆ.

ವಿಕಿಪೀಡಿಯ ಕಥೆ ಬೇರೆ, ಕನ್ನಡದಲ್ಲಿ 2003ರಿಂದ ಇದೆ. ಅಲ್ಲೂ ಬರೆದವರಿಗೆ ದುಡ್ಡಿಲ್ಲ, ಆದ್ರೆ ಜಾಹೀರಾತೂ ಇಲ್ಲ, ಯಾವ ಸಾಲನ್ನ ಯಾರು ಬರೆದ್ರು ಅನ್ನೋದು ಇತಿಹಾಸದ ಪುಟದಲ್ಲಿ ಉಳಿಯುತ್ತೆ. ಬಿಟ್ಟಿ ಕೆಲಸಕ್ಕೂ ಒಂದು ಮರ್ಯಾದೆ ಇರಬಹುದು ಅನ್ನೋಕೆ ಅಷ್ಟು ಸಾಕು.

ಆ್ಯಪ್ ತೆಗೆದುಹಾಕಿ ಅಂತ ನಾನು ಹೇಳಲ್ಲ, ನನ್ನ ಫೋನಲ್ಲೂ ಎಲ್ಲ ಇದೆ. ಕೇಳಬೇಕಾದ್ದು ಸಣ್ಣದು. 1,000 ಚಂದಾದಾರರು ಆಗೋ ಮುಂಚೆ ಬಂದ ಜಾಹೀರಾತಿನ ಪಾಲು ಹಾಕಿದವರ ಖಾತೆಗೆ ಜಮಾ ಆಗ್ತಾ ಇರಲಿ, ಗಡಿ ಮುಟ್ಟಿದ ದಿನ ಬಟವಾಡೆ ಮಾಡಲಿ. ಅಷ್ಟು ಕೋಟಿ ಚಾನೆಲ್‌ಗಳ ಲೆಕ್ಕ ಇಡೋದು ಹೇಗೆ ಅಂತ ಯಾರಾದ್ರೂ ಕೇಳಿದ್ರೆ ನಂಬಬೇಡಿ. ಜಾಹೀರಾತುದಾರನಿಗೆ ಬಿಲ್ ಹಾಕೋಕೆ ಯಾವ ವಿಡಿಯೊದಲ್ಲಿ ಯಾವ ಜಾಹೀರಾತು ಎಷ್ಟು ಸಲ ಓಡಿತು ಅನ್ನೋ ಎಣಿಕೆ ಅವರ ಡೇಟಾಬೇಸಿನಲ್ಲಿ ಈಗಾಗಲೇ ಪೈಸೆ ಪೈಸೆ ಲೆಕ್ಕದಲ್ಲಿ ಇದೆ.