ನಕಲಿ ಕೋಬ್ರಾದ ಅಸಲಿ ಓಟ

ಮೊಟ್ಟಮೊದಲ ಶೆಲ್ಬಿ ಕೋಬ್ರಾ ಕಾರು 2016ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಹರಾಜಾಯಿತು. ಬೆಲೆ 1.375 ಕೋಟಿ ಡಾಲರ್! ಅಷ್ಟು ಸುರಿದವರು ಅದನ್ನು ಮಳೆಯಲ್ಲಿ ಓಡಿಸಿಯಾರೇ? ಅಸಲಿಯ ಬಗ್ಗೆ ನನ್ನ ತಕರಾರು ಇಷ್ಟೇ: ಬೆಲೆ ಏರಿದಂತೆಲ್ಲ ಓಟ ನಿಂತುಹೋಗುತ್ತದೆ.

ಕೋಬ್ರಾ ಹುಟ್ಟಿದ್ದೇ ಬೆರಕೆಯಾಗಿ. ಇಂಗ್ಲೆಂಡಿನ ಎ.ಸಿ. ಕಾರ್ಸ್ 'ಏಸ್' ಎಂಬ ಹಗುರ ಕಾರು ತಯಾರಿಸುತ್ತಿತ್ತು. ಅದಕ್ಕೆ ಹಾಕುತ್ತಿದ್ದ ಬ್ರಿಸ್ಟಲ್ ಎಂಜಿನ್ ಸಿಗದಂತಾಯಿತು. 1959ರಲ್ಲಿ ಲೆ ಮಾನ್ಸ್ ಗೆದ್ದು, ಆಮೇಲೆ ಹೃದಯದ ಕಾಯಿಲೆಯಿಂದ ರೇಸ್ ಬಿಟ್ಟಿದ್ದ ಟೆಕ್ಸಸ್‌ನ ಕ್ಯಾರಲ್ ಶೆಲ್ಬಿ, 1962ರಲ್ಲಿ ಆ ಕಾರಿನೊಳಗೆ ಫೋರ್ಡ್‌ನ ವಿ8 ಎಂಜಿನ್ ಇಳಿಸಿದ. ಇಂಗ್ಲಿಷ್ ಮೈ, ಅಮೆರಿಕನ್ ಗುಂಡಿಗೆ. ಆ ದಶಕದಲ್ಲಿ ತಯಾರಾದದ್ದು ಹೆಚ್ಚುಕಡಿಮೆ ಸಾವಿರ. ಇಂದು ರಸ್ತೆಯಲ್ಲಿ ಕಾಣುವ ಕೋಬ್ರಾಗಳಲ್ಲಿ ಬಹುಪಾಲು ನಕಲು.

ಗುರುತು ಹಿಡಿಯುವುದು ಹೇಗೆ? ಆಯಸ್ಕಾಂತ ಇಲ್ಲಿ ಕೆಲಸಕ್ಕೆ ಬಾರದು. ಅಸಲಿಯ ಮೈ ಕೈಯಲ್ಲಿ ಬಡಿದು ತಿದ್ದಿದ ಅಲ್ಯೂಮಿನಿಯಂ, ನಕಲಿನದು ಹೆಚ್ಚಾಗಿ ಫೈಬರ್‌ಗ್ಲಾಸ್. ಆಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ (ಮಾಲೀಕರನ್ನು ಕೇಳಿಯೇ ತಟ್ಟಿ). ತೆಳು ತಗಡು ಟಣ್ ಎನ್ನುತ್ತದೆ, ಫೈಬರ್ ಪ್ಲಾಸ್ಟಿಕ್ ಡಬ್ಬದಂತೆ ಠಪ್ ಎನ್ನುತ್ತದೆ. ನಕಲು ಮಾಡುವವರು ಹೆಚ್ಚಾಗಿ ಮಡ್‌ಗಾರ್ಡ್ ಉಬ್ಬಿದ, ಏಳು ಲೀಟರ್ ಎಂಜಿನ್ನಿನ 1965ರ '427' ಮಾದರಿಗೇ ಬೀಳುತ್ತಾರೆ. ನನ್ನ ಕಣ್ಣಿಗೆ 1962ರ ತೆಳ್ಳನೆಯ ಕೋಬ್ರಾವೇ ಚೆಲುವೆ.

ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಕಂಪನಿ ನಕಲಿ ಕೋಬ್ರಾ ಜೋಡಿಸುವ ಕಿಟ್ ಮಾರುತ್ತದೆ. ಹಳೆಯ ಫೋರ್ಡ್ ಮಸ್ಟಾಂಗ್‌ನ ಎಂಜಿನ್, ಗೇರ್‌ಬಾಕ್ಸ್ ಕಳಚಿ ತಂದು ಜನ ಮನೆಯ ಗ್ಯಾರೇಜಿನಲ್ಲೇ ಕಾರು ಜೋಡಿಸಿದ್ದಾರೆ. ಒಂದೊಂದು ನಟ್ಟನ್ನೂ ತಾನೇ ಬಿಗಿದವನಿಗೆ ತನ್ನ ಕಾರಿನ ಮೇಲಿರುವ ಸಲಿಗೆ, ಹರಾಜಿನಲ್ಲಿ ಕೈ ಎತ್ತಿ ಕೊಂಡವನಿಗೆ ಎಲ್ಲಿಂದ ಬರಬೇಕು? ಒಳ್ಳೆಯ ನಕಲಿನ ಬ್ರೇಕು ಅಸಲಿಗಿಂತ ವಾಸಿ, ಚೌಕಟ್ಟೂ ಗಟ್ಟಿ. ಬಾಗಿಲಡಿಯಲ್ಲಿ ಸೈಲೆನ್ಸರ್ ಪೈಪು ಇದ್ದರೆ ಮಾತ್ರ ಎರಡರದೂ ಒಂದೇ ಕಥೆ. ಇಳಿಯುವಾಗ ಮೈಮರೆತರೆ ಮೀನಖಂಡ ಚುರ್ರೆನ್ನುತ್ತದೆ.

ಹಾಗೆಂದು ಅಸಲಿಯನ್ನು ಅಲ್ಲಗಳೆಯುತ್ತಿಲ್ಲ. ಅದನ್ನು ಯಾರು ಓಡಿಸಿದರು, ಯಾವ ರೇಸಿನಲ್ಲಿ ಎಲ್ಲಿ ಗುದ್ದಿದರು ಎಂಬ ಚರಿತ್ರೆ ಯಾವ ಕಿಟ್‌ನಲ್ಲೂ ಸಿಗದು. ನಕಲು ತಾನು ನಕಲೆಂದು ಒಪ್ಪಿಕೊಂಡರೆ ನನ್ನ ಓಟು ಅದಕ್ಕೇ. ಆದರೆ ಫೈಬರ್ ಮೈ ಕಿತ್ತು ಅಲ್ಯೂಮಿನಿಯಂ ಹೊದಿಸಿ, ಸುಳ್ಳು ಚಾಸಿ ನಂಬರ್ ಕೆತ್ತಿ ಅಸಲಿಯ ಬೆಲೆ ಕೇಳುವುದು ಶುದ್ಧ ಮೋಸ. ಅಂಥ ಕಾರು ಎದುರಾದರೆ, ಜೇಬಿಗೆ ಕೈ ಹಾಕುವ ಮೊದಲು ಅಮೆರಿಕದ ಶೆಲ್ಬಿ ಕ್ಲಬ್ಬಿನ ರಿಜಿಸ್ಟ್ರಿಯಲ್ಲಿ ಆ ನಂಬರಿನ ಜಾತಕ ತೆಗೆಸಿ ನೋಡಿ.